ಸತ್ತವರಿಗೆ ಕೋಟು ತೊಡಿಸುವ ಸಾಫ್ಟ್‌ವೇರು

ಅಕ್ಕಲಕೋಟೆಯ ನನ್ನ ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ, ಬಾಗಿಲ ಹಿಂದಿನ ಮೊಳೆಗೆ ಒಂದು ಕರಿ ಕೋಟು ನೇತುಹಾಕಿದ್ದೇನೆ. ಮೊನ್ನೆ ಕಸ ಹೊಡೆಯುವಾಗ ಅದಕ್ಕೆ ಕೈ ತಾಗಿ, ಜೇಬಿನಿಂದ ಒಂದು ನುಸಿಗುಳಿಗೆ ಬಿದ್ದು ಕಂಪ್ಯೂಟರ್ ಟೇಬಲ್ಲಿನ ಅಡಿಗೆ ಉರುಳಿತು. ಅದನ್ನು ತೆಗೆಯಲು ಬಗ್ಗಿದವನು ಎಷ್ಟೋ ಹೊತ್ತು ಹಾಗೆಯೇ ನೆಲದ ಮೇಲೆ ಕುಳಿತುಬಿಟ್ಟೆ. ಗಿರಾಕಿಗಳಿಲ್ಲದ ಅಂಗಡಿಯಲ್ಲಿ ನೆಲದ ಮೇಲೆ ಕುಳಿತರೂ ಅಷ್ಟೇ, ಕುರ್ಚಿಯ ಮೇಲೆ ಕುಳಿತರೂ ಅಷ್ಟೇ.

ಆ ಕೋಟು ನನ್ನ ಮದುವೆಯದು. ಮಾವ ಸೊಲ್ಲಾಪುರದಲ್ಲಿ ಹೊಲಿಸಿಕೊಟ್ಟದ್ದು. ನಾನು ಅದನ್ನು ತೊಟ್ಟದ್ದು ಒಂದೇ ದಿನ. ಅದೂ ಬೇಸಿಗೆಯ ಮದುವೆ, ಅಕ್ಷತೆ ಬೀಳುವಷ್ಟರಲ್ಲಿ ಒಳಗೆ ಬೆಂದ ಗೆಣಸಿನಂತಾಗಿದ್ದೆ. ಆಮೇಲೆ ಅದನ್ನು ತೊಟ್ಟವರೆಲ್ಲ, ಒಬ್ಬನನ್ನು ಬಿಟ್ಟು, ಸತ್ತವರೇ. ಹೀಗೆಂದರೆ ನೀವು ಹೆದರಿ ಪುಟ ಮಗುಚಬಹುದು. ಸ್ವಲ್ಪ ತಾಳಿ, ಬಿಡಿಸಿ ಹೇಳುತ್ತೇನೆ.

ನಮ್ಮ ಕಡೆ ಮನೆಯ ಹಿರಿಯರು ತೀರಿಕೊಂಡರೆ ಹದಿಮೂರನೆಯ ದಿನದೊಳಗೆ ಅವರ ಫೋಟೋ ಸಿದ್ಧವಾಗಬೇಕು. ಬದುಕಿದ್ದಾಗ ಅಂಗಿಯ ಗುಂಡಿ ಸಹ ಹಾಕಿಕೊಳ್ಳದ ಮನುಷ್ಯ, ಗೋಡೆ ಏರುವಾಗ ಮಾತ್ರ ತಲೆಗೆ ರುಮಾಲು, ಮೈಗೆ ಕೋಟು, ಕೈಗೆ ಗಡಿಯಾರ ಕಟ್ಟಿಕೊಂಡೇ ಏರಬೇಕು. ಹಾಗೆ ತೆಗೆಸಿದ ಫೋಟೋ ಯಾರ ಹತ್ತಿರ ಇರುತ್ತದೆ? ಯಾವುದೋ ಮದುವೆಯ ಗುಂಪು ಫೋಟೋ ತರುತ್ತಾರೆ. ಅದರಲ್ಲಿ ತೀರಿಕೊಂಡವರು ಹಿಂದಿನ ಸಾಲಿನಲ್ಲಿ ನಾಲ್ಕನೆಯವರು, ಅರ್ಧ ಕಿವಿಯನ್ನು ಬೀಗರ ಪೇಟ ನುಂಗಿರುತ್ತದೆ. "ಇದರಾಗಿಂದ ನಮ್ಮ ಮುತ್ಯಾನ್ನ ತಗದು ಕೊಡ್ರಿ" ಎನ್ನುತ್ತಾರೆ, ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ನಾನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುತ್ಯಾನ ಮುಖವನ್ನಷ್ಟೇ ತೆಗೆದು, ರುಮಾಲು ಸುತ್ತಿ, ಕೋಟು ತೊಡಿಸಿ, ಕುರ್ಚಿಯ ಮೇಲೆ ಕೂರಿಸಿ ಕೊಡುತ್ತೇನೆ. ಇದು ನನ್ನ ಕಸುಬು. ಇದಕ್ಕೆ ಒಂದು ಸಾಫ್ಟ್‌ವೇರ್ ಬೇಕು. ಆ ಸಾಫ್ಟ್‌ವೇರನ್ನು ಕೊಳ್ಳುವುದು ಹೇಗೆ ಎಂಬ ಯೋಚನೆಯಲ್ಲಿಯೇ ನಾನು ಈ ಒಂದು ತಿಂಗಳು ಊಟ ಮಾಡಿದ್ದೇನೆ, ಬಸ್ಸು ಹತ್ತಿದ್ದೇನೆ, ಹೆಂಡತಿಯ ಬೈಗುಳ ಕೇಳಿದ್ದೇನೆ. ಮಗಳಿಗೆ ವರ ಹುಡುಕುವವರು ಕೂಡ ಇಷ್ಟು ವಿಚಾರ ಮಾಡಿರಲಿಕ್ಕಿಲ್ಲ.

ಮುಖಗಳೇನೋ ಗಿರಾಕಿಗಳು ತರುತ್ತಿದ್ದರು, ಮೈ ಎಲ್ಲಿಂದ ತರುವುದು? ಅದನ್ನು ಕೊಟ್ಟವನು ನಮ್ಮಪ್ಪ.

ನಮ್ಮಪ್ಪ ಬೋರಾಮಣಿಯ ಕುರಿಗಾರ. ಕುಲದೇವರು ಬೀರೋಬಾನ ಹೆಸರು ಹೇಳದೆ ನೀರು ಸಹ ಕುಡಿಯದವನು. ವರ್ಷದ ಅರ್ಧ ಭಾಗ ಕುರಿಗಳ ಹಿಂದೆ ಊರೂರು ಅಲೆಯುತ್ತಿದ್ದ. ಅಣ್ಣನ ಮದುವೆಯ ಫೋಟೋಗಳಲ್ಲಿ ಅವನಿಲ್ಲ, ನನ್ನ ಮದುವೆಯವುಗಳಲ್ಲೂ ಇಲ್ಲ. "ಎಲ್ಲಾರೂ ಅಕ್ಕಿಕಾಳಿಗೆ ನಿಂತ್ರ ಕುರಿ ನಿಮ್ಮಪ್ಪ ಕಾಯ್ತಾನೇನು?" ಎಂದು ನಮ್ಮನ್ನೇ ಕೇಳುತ್ತಿದ್ದ. ನಮ್ಮಪ್ಪ ಅವನೇ ಆದ್ದರಿಂದ ಅವನೇ ಕಾಯುತ್ತಿದ್ದ.

ನಾನು ಹೊಸದಾಗಿ ಡಿಜಿಟಲ್ ಕ್ಯಾಮರಾ ಮತ್ತು ಕಂಪ್ಯೂಟರ್ ತಂದಿದ್ದ ಕಾಲ. ಅಪ್ಪ ಉಣ್ಣೆ ಮಾರಲು ಅಕ್ಕಲಕೋಟೆಗೆ ಬಂದವನು ಚಹಾ ಕುಡಿಯಲೆಂದು ಅಂಗಡಿಗೆ ಬಂದ. ಹಿಡಿದು ಕೂರಿಸಿದೆ. ಕಂಬಳಿ ತೆಗೆಸಿ ಕೋಟು ತೊಡಿಸಿದೆ. ಅಪ್ಪನ ಹೆಗಲು ಅಗಲ, ತೋಳು ಬಿಗಿಯಾಗಿ ಅವನ ಎರಡೂ ಕೈಗಳು ಸೆಟೆದು ನಿಂತವು. ನನ್ನ ಗಡಿಯಾರವನ್ನು ಅವನ ಕೈಗೆ ಕಟ್ಟಿದೆ.

"ಹಿಂಗ ಕುಂದ್ರಬೇಕಾ?"

"ಹೂಂ."

"ಉಸರಾ ಬಿಡಬಹುದಾ?"

"ಬಿಡು ಯಪ್ಪಾ, ಅದಕ್ಕೇನ್ ರೊಕ್ಕ ಬೀಳಂಗಿಲ್ಲ."

ಅವನು ಉಸಿರು ಬಿಟ್ಟ, ನಾನು ಗುಂಡಿ ಒತ್ತಿದೆ. ಆ ಫೋಟೋವನ್ನು ಕಂಪ್ಯೂಟರಿನಲ್ಲಿ "ಕೋಟು" ಎಂಬ ಹೆಸರಿನಿಂದ ಇಟ್ಟೆ. ಅಂದಿನಿಂದ ಯಾರು ಸತ್ತರೂ ಅವರ ಮುಖ ನಮ್ಮಪ್ಪನ ಹೆಗಲ ಮೇಲೆ. ಈ ಸಾಫ್ಟ್‌ವೇರಿನಲ್ಲಿ ಪದರುಗಳಿರುತ್ತವೆ, ಹಾಸಿಗೆಯ ಮೇಲೆ ಕೌದಿಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ. ಎಲ್ಲಕ್ಕಿಂತ ಕೆಳಗೆ ಅಪ್ಪನ ಮೈ, ಅದರ ಮೇಲೆ ಬೇರೆ ಪದರಾಗಿ ಅವನ ಮುಖ, ಅದರ ಮೇಲೆ ಹತ್ತಿರದ ಹಳ್ಳಿ ವಾಗದರಿಯ ಗೌಡರು, ಅವರ ಮೇಲೆ ಮತ್ತೊಬ್ಬರು. ಪ್ರತಿ ಪದರಿನ ಪಕ್ಕದಲ್ಲಿ ಒಂದು ಸಣ್ಣ ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿದರೆ ಆ ಪದರು ಮರೆಯಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಮೊದಲ ಗಿರಾಕಿ ಬಂದ ದಿನ ನಾನು ಅಪ್ಪನ ಮುಖದ ಕಣ್ಣು ಮುಚ್ಚಿಸಿದವನು ಮತ್ತೆ ತೆರೆದದ್ದೇ ಇಲ್ಲ.

ಒಮ್ಮೆ ವಾಗದರಿಯ ಮಂದಿ ಹೆಣ್ಣು ನೋಡಲು ಬೇರೊಂದು ಊರಿಗೆ ಹೋದರು. ಉಪ್ಪಿಟ್ಟು ತಿನ್ನುತ್ತ ಗೋಡೆ ನೋಡಿದರೆ, ತಮ್ಮ ಮನೆಯ ಮುತ್ಯಾ ತೊಟ್ಟ ಕೋಟನ್ನೇ ಇವರ ಮುತ್ಯಾನೂ ತೊಟ್ಟಿದ್ದಾನೆ. ಅದೇ ಕುರ್ಚಿ, ಅದೇ ಸೆಟೆದ ಕೈ, ಗಡಿಯಾರದಲ್ಲಿ ಅದೇ ಹನ್ನೊಂದೂವರೆ. ಮರುದಿನ ಎರಡೂ ಮನೆಯವರು ಎರಡೂ ಫೋಟೋ ಹೊತ್ತು ನನ್ನ ಅಂಗಡಿಗೆ ಬಂದರು. "ಯಾರ ಮುತ್ಯಾನ ಮೈ ಯಾರಿಗೆ ಕೊಟ್ಟೀರಿ? ಖರೇ ಹೇಳ್ರಿ" ಎಂದರು. "ಎರಡೂ ನಮ್ಮಪ್ಪನ ಮೈ ಅದಾವ್ರಿ" ಎಂದೆ. ಅವರು ಎರಡೂ ಫೋಟೋಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು. ಆಮೇಲೆ ವಾಗದರಿಯ ಹಿರಿಯನೊಬ್ಬ, "ಹಂಗಾದ್ರ ಇಬ್ಬರ ಮೈನೂ ಒಂದs ಆತು, ಇನ್ನ ಬೀಗತನ ಬ್ಯಾಡ ಅನ್ನಾಕ ಏನದ" ಎಂದು ನಕ್ಕ. ಆ ಮದುವೆಯ ಆಲ್ಬಮ್ಮನ್ನೂ ನಾನೇ ಮಾಡಿದೆ.

ಅಪ್ಪನಿಗೆ ಇದರಿಂದ ಬೇಸರವಿರಲಿಲ್ಲ. ಕುರಿ ಹೊಡೆದುಕೊಂಡು ಊರೂರು ತಿರುಗುವಾಗ ನೀರು ಕೇಳಲು ಯಾವುದಾದರೂ ಮನೆಯ ಪಡಸಾಲೆಗೆ ಹೋದರೆ ಗೋಡೆಯ ಮೇಲೆ ಅವನದೇ ಮೈ ಇರುತ್ತಿತ್ತಂತೆ. "ಹಾರ ಹಾಕಿ ಊದಿನಕಡ್ಡಿ ಹಚ್ಚಿರ್ತಾರ. ಸಾಯೋಕಿಂತ ಮದಲs ಇಪ್ಪತ್ತ ಸಲ ಸತ್ತೀನಿ ನಾ" ಎಂದು ಹೇಳಿಕೊಂಡು ನಗುತ್ತಿದ್ದ. ಮೊಬೈಲಿನಲ್ಲಿ ಫೋಟೋ ತೆಗೆಯಲು ಹೋದರೆ ಮಾತ್ರ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದ. "ಒಂದ್ಸಲ ತಗೊಂಡಿಯಲ್ಲ. ಅದರಾಗs ಎಲ್ಲಾರ್ನೂ ಸಾಗಸಾಕತ್ತಿ. ಮತ್ತ ಯಾಕ?" ನನ್ನ ಮಗಳು ಸವಿತಾಳ ಫೋನಿನಲ್ಲಿ ಮುತ್ಯಾನ ಮೂರು ಫೋಟೋಗಳಿವೆ. ಒಂದರಲ್ಲಿ ಅವನ ಬೆನ್ನು, ಇನ್ನೊಂದರಲ್ಲಿ ಕಂಬಳಿ, ಮೂರನೆಯದರಲ್ಲಿ ಒಂದು ಟಗರು.

ಹೋದ ವರ್ಷ ಅಪ್ಪ ಖರೇನೇ ಸತ್ತ.

ಮೂರು ದಿನದ ಜ್ವರ, ಸೊಲ್ಲಾಪುರಕ್ಕೆ ಒಯ್ಯಬೇಕೆನ್ನುವಷ್ಟರಲ್ಲಿ ಮುಗಿದಿತ್ತು. ಹದಿಮೂರನೆಯ ದಿನ ಹಾರ ಹಾಕಲು ಫೋಟೋ ಇರಲಿಲ್ಲ. ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿಸಿ ತಂದರೆ ಅವ್ವ ನೋಡಿ, "ಪೊಲೀಸರು ಹಿಡಕೊಂಡು ಹೋದಂಗ ಕಾಣ್ತಾನ, ತಗಿ ಅತ್ಲಾಗ" ಎಂದಳು. "ಫೋಟೋದವನ ಅಪ್ಪಗ ಫೋಟೋ ಇಲ್ಲೇನು?" ಎಂದು ಬೀಗರಲ್ಲಿ ಯಾರೋ ಅಂದದ್ದು ಕಿವಿಗೆ ಬಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಅದು ನಾನೇ. ಹಾಗಾದರೆ ಕಂಪ್ಯೂಟರಿನಲ್ಲಿದ್ದ ಆ ಒಂದೇ ಫೋಟೋವನ್ನು ಯಾಕೆ ತೆಗೆಯಲಿಲ್ಲ ಎಂದು ನೀವು ಕೇಳಬಹುದು. ನನಗೆ ಧೈರ್ಯ ಬರಲಿಲ್ಲ. ಇಷ್ಟು ವರ್ಷ ಯಾರ್ಯಾರದೋ ತಲೆ ಹೊತ್ತ ಆ ಹೆಗಲ ಮೇಲೆ ಅವನ ತಲೆಯನ್ನೇ ನೋಡುವ ಶಕ್ತಿ ಆ ಹದಿಮೂರು ದಿನಗಳಲ್ಲಿ ನನಗಿರಲಿಲ್ಲ. ಅವ್ವ ಹೆಚ್ಚು ಕೇಳಲಿಲ್ಲ. "ವರ್ಷದ ದಿವಸಕ್ಕರ ಛಲೋದೊಂದ ಇಡು, ಸಿದ್ದಾ" ಎಂದಳಷ್ಟೇ. ಅಪ್ಪ ಹೋದ ಮೇಲೆ ಅವಳು ಬೋರಾಮಣಿಯಿಂದ ನಮ್ಮ ಮನೆಗೆ ಬಂದು ಇದ್ದಾಳೆ. ನಾನು ಮನೆ ಹೊಕ್ಕಾಗಲೆಲ್ಲ ನನ್ನ ಕೈ ನೋಡುತ್ತಾಳೆ, ಏನಾದರೂ ತಂದಿದ್ದಾನೋ ಎಂದು.

ನಾಳೆ ನಾಡಿದ್ದು ಎನ್ನುತ್ತ ಹನ್ನೊಂದು ತಿಂಗಳು ಕಳೆದೆ. ಒಂದು ದಿನ ಕಂಪ್ಯೂಟರ್ ಕೆಟ್ಟಿತು. ಸೊಲ್ಲಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಇಮ್ತಿಯಾಜ್ ನನ್ನ ಹಳೆಯ ಸ್ನೇಹಿತನ ಮಗ, ಅವನು ರಿಪೇರಿ ಮಾಡಿಕೊಟ್ಟ. ಫೈಲುಗಳೆಲ್ಲ ಉಳಿದವು. ಸಾಫ್ಟ್‌ವೇರ್ ಮಾತ್ರ ತೆರೆಯಲೊಲ್ಲದು. ನಿಮ್ಮ ಪ್ರತಿ ಅಸಲಿಯಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸುಮ್ಮನಾಯಿತು. ಅದು ಹೇಳಿದ್ದು ಸುಳ್ಳಲ್ಲ. ಹದಿನೆಂಟು ವರ್ಷ ನಾನು ಬಳಸಿದ್ದು ಕದ್ದ ಮಾಲು. ಇಮ್ತಿಯಾಜನ ಅಪ್ಪ ಒಂದು ಸೀಡಿಯನ್ನು ಪೇಪರಿನಲ್ಲಿ ಸುತ್ತಿ, ಒಂದು ಕಪ್ ಚಹಾಕ್ಕೆ ಕೊಟ್ಟಿದ್ದ. ಕದ್ದದ್ದು ಎಂಬ ಅರಿವು ಕೂಡ ಆಗ ಇರಲಿಲ್ಲ. ಹೊಲದಲ್ಲಿ ಸಿಕ್ಕ ಕಡಲೆಗಿಡ ಕಿತ್ತು ತಿಂದ ಹಾಗೆ ಅಂದುಕೊಂಡಿದ್ದೆ.

ಅಪ್ಪನ ಒಂದೇ ಫೋಟೋ ಆ ಫೈಲಿನ ತಳದಲ್ಲಿ, ವರ್ಷದ ದಿವಸಕ್ಕೆ ಒಂದು ತಿಂಗಳು ಮಾತ್ರ ಬಾಕಿ. ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋದೆ.

"ಮಾಮಾ, ಪಹಿಲಾ ಸೀಡಿ ಬರ್ತಿತ್ತು. ಈಗ ಬಂದ್" ಎಂದ ಇಮ್ತಿಯಾಜ್. "ಈಗ ಇದು ವಿಕತ ಕೊಳ್ಳಾಕ ಸಿಗಂಗಿಲ್ಲ. ಭಾಡಾಕ ಅಷ್ಟ ಸಿಗ್ತದ."

"ಭಾಡಾಕ? ಕಸಬಿನ ಹತ್ಯಾರ ಭಾಡಾಕ?"

"ಹೌದ್ ಮಾಮಾ. ತಿಂಗಳಾ ಕಟ್ಟಿದ್ರಿ, ಚಾಲೂ. ಬಿಟ್ರಿ, ಬಂದ್."

"ಮತ್ತ ನನ್ನ ಫೈಲು?"

"ಫೈಲ್ ನಿಮ್ದು. ತಗಿಯೋ ಕೀಲಿ ಅವರ್ದು."

ನಾನು ಅವನ ಅಂಗಡಿಯ ಎದುರಿನ ಟಾವೆಲ್ ಅಂಗಡಿಯನ್ನು ನೋಡುತ್ತ ಕುಳಿತೆ. ಅಲ್ಲಿ ಒಬ್ಬಳು ಹೆಂಗಸು ಟಾವೆಲ್ ಬಿಡಿಸಿ, ಎಳೆದು, ಬೆಳಕಿಗೆ ಹಿಡಿದು, ಮೂಸಿ ನೋಡಿ ಕೊಂಡುಕೊಂಡಳು. ಮನೆಗೆ ಒಯ್ದ ಮೇಲೆ ಅದು ಅವಳದು. ಹರಿಯುವ ತನಕ ಮೈ ಒರೆಸಬಹುದು, ಹರಿದ ಮೇಲೆ ನೆಲ ಒರೆಸಬಹುದು. ಹೀಗೆ ಕೊಳ್ಳುವ ಭಾಗ್ಯ ನನಗಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಇಮ್ತಿಯಾಜ್ ಬಗೆಗಳನ್ನೆಲ್ಲ ಹೇಳಿದ. ತಿಂಗಳು ತಿಂಗಳು ಕಟ್ಟುವುದು ತುಟ್ಟಿ. ವರ್ಷಕ್ಕೆಂದು ಒಪ್ಪಿ ತಿಂಗಳಿಗಿಷ್ಟು ಕಟ್ಟುವುದು ಅಗ್ಗ, ಆದರೆ ನಡುವೆ ಬಿಟ್ಟರೆ ದಂಡ. ಬೇರೆ ಕಂಪನಿಯದು ಒಂದೇ ಸಲ ಕೊಳ್ಳಲು ಸಿಗುತ್ತದೆ, ಆದರೆ ನನ್ನ ಹಳೆಯ ಫೈಲಿನ ಪದರುಗಳು ಅದರಲ್ಲಿ ಸರಿಯಾಗಿ ಬರುತ್ತವೆಂದು ಯಾರೂ ಖಾತ್ರಿ ಕೊಡುವುದಿಲ್ಲ. ಫುಕಟ ಸಿಗುವ ಒಂದರಲ್ಲಿ ಅವನು ತೆರೆದು ತೋರಿಸಿದ. ಕೋಟು ಬಂತು, ಕುರ್ಚಿ ಬಂತು, ಕೈಗಡಿಯಾರ ಬಂತು. ಮುಖ ಇರಬೇಕಾದಲ್ಲಿ ಒಂದು ಬೂದು ಬಣ್ಣದ ಚೌಕಡಿ. ಬೇಗ ಮುಚ್ಚಿಸಿದೆ. ಏಳು ದಿನ ಫುಕಟ ಬಳಸಿ ನೋಡಿ ಎಂದು ಅಸಲಿ ಕಂಪನಿಯೂ ಕರೆಯುತ್ತದೆ, ಆದರೆ ಅದಕ್ಕೂ ಬ್ಯಾಂಕಿನ ಕಾರ್ಡು ಬೇಕು. ನನ್ನ ಕಾರ್ಡನ್ನು ಅದು ಮೂರು ಸಲ ಉಗುಳಿತು. "ಜುಗಾಡ್ ಬೇಕಂದ್ರ ಅದ, ಮಾಮಾ" ಎಂದು ಇಮ್ತಿಯಾಜ್ ದನಿ ತಗ್ಗಿಸಿದ. ಬೇಡ ಎಂದೆ. ಹದಿನೆಂಟು ವರ್ಷ ಕದ್ದವನಿಗೆ ಇದ್ದಕ್ಕಿದ್ದಂತೆ ಧರ್ಮ ಯಾಕೆ ನೆನಪಾಯಿತೋ ತಿಳಿಯದು. ಅಪ್ಪನ ಮುಖವನ್ನು ಕಳ್ಳಕೀಲಿ ಹಾಕಿ ತೆಗೆಯುವುದು ಬೇಡ ಅನ್ನಿಸಿತು.

ಮನೆಯಲ್ಲಿ ಅವ್ವನಿಗೆ ತಿಳಿಸಿ ಹೇಳಲು ನೋಡಿದೆ. ಅವಳ ಲೆಕ್ಕವೆಲ್ಲ ಕುರಿಮರಿಯಲ್ಲಿ. ಕೈಬೆರಳು ಮಡಚಿ, "ಎರಡ ತಿಂಗಳಿಗೆ ಒಂದ ಮರಿ ಹೋತಲ್ಲೋ! ಯಾವ ದೇವರಿಗೆ ಇದು?" ಎಂದಳು. ಯಾವ ದೇವರಿಗೆ ಎಂದು ನನಗೂ ಗೊತ್ತಿರಲಿಲ್ಲ. ಮೈಲಾರನಿಗೆ ಮರಿ ಬಿಟ್ಟರೆ ಭಂಡಾರದ ಅರಿಸಿನವಾದರೂ ಹಣೆಗೆ ಬರುತ್ತದೆ.

ಸವಿತಾ ಸೊಲ್ಲಾಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳು ಕಲಿತದ್ದೆಲ್ಲ ಮರಾಠಿಯಲ್ಲಿ. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಓದಲು ಬಾರದು. ಹಾಗಾಗಿ ಅವಳ ವಿಷಯವನ್ನು ಇಲ್ಲಿ ಧೈರ್ಯದಿಂದ ಬರೆಯುತ್ತಿದ್ದೇನೆ. ಅವಳು ಎರಡು ಉಪಾಯ ಹೇಳಿದಳು. ಒಂದು, ವಿದ್ಯಾರ್ಥಿಗಳಿಗೆ ಅರ್ಧಕ್ಕಿಂತ ಕಡಿಮೆ ಬಾಡಿಗೆ ಇದೆ, ತನ್ನ ಕಾಲೇಜಿನ ಗುರುತಿನಲ್ಲಿ ತೆಗೆದುಕೊಳ್ಳಬಹುದು ಎಂದು. ಐವತ್ತಮೂರರ ವಯಸ್ಸಿನಲ್ಲಿ ನಾನು ಬಿ.ಕಾಂ. ಎರಡನೆಯ ವರ್ಷದ ಹುಡುಗಿಯಾಗಬೇಕು. ಎರಡು ದಿನ ಅದನ್ನೂ ವಿಚಾರ ಮಾಡಿದೆನೆಂದರೆ ನನ್ನ ಸ್ಥಿತಿ ನೀವೇ ಊಹಿಸಿಕೊಳ್ಳಿ.

ಎರಡನೆಯದನ್ನು ಅವಳು ಹೇಳಲಿಲ್ಲ, ಮಾಡಿಯೇ ತೋರಿಸಿದಳು. ಆಧಾರ್ ಕಾರ್ಡಿನ ಮುಖವನ್ನು ಫೋನಿನ ಯಾವುದೋ ಆಪಿಗೆ ಹಾಕಿದಳು. ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವುದರೊಳಗೆ ಅಪ್ಪ ತಯಾರಾಗಿದ್ದ. ರುಮಾಲು, ಕೋಟು, ಹಿಂದೆ ಹಸಿರು ಬೆಟ್ಟ. ಬಾಯಿ ತುಂಬ ಹಲ್ಲು ಬಿಟ್ಟು ನಗುತ್ತಿದ್ದ.

"ಪಪ್ಪಾ, ಭಾರಿ ಬಂದದ ನೋಡ್ರಿ!"

"ಮುತ್ಯಾಗ ಮುಂದಿನ ಹಲ್ಲ ಎಲ್ಲಿದ್ದೂವಾ?"

"ಆಪ್ ಹಚ್ಯದ."

"ಇದು ಖೊಟ್ಟಿ. ಇರಲಾರದ ಹಲ್ಲ ಹಚ್ಚೋದು ಅಂದ್ರ ಏನು?"

"ನೀವೂ ಇರಲಾರದ ಕೋಟ ಹಚ್ತಿದ್ರಲ್ಲ?"

"ಕೋಟ ಬ್ಯಾರೆ, ಮುಖ ಬ್ಯಾರೆ!" ಎಂದು ಕೂಗಿದೆ. "ನಮ್ಮಪ್ಪನ ಮುಖಕ್ಕ ನಾ ಕೈ ಹಚ್ಚಿಲ್ಲ."

ಅವಳು ಫೋನನ್ನು ಮಡಿಲಲ್ಲಿ ಬೋರಲು ಇಟ್ಟುಕೊಂಡಳು. ಕೂಗಬಾರದಿತ್ತು. ನನ್ನ ಸಿಟ್ಟು ಅವಳ ಮೇಲಿನದಾಗಿರಲಿಲ್ಲ. ನಾನು ಒಂದು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಮಾಡುತ್ತಿದ್ದ ಕೆಲಸವನ್ನು ಅದು ಚಿಟಿಕೆ ಹೊಡೆಯುವುದರೊಳಗೆ ಮಾಡಿ ಮುಗಿಸಿತ್ತು. ವಾಗದರಿಯಲ್ಲಿ ಈಗ ಯಾರಾದರೂ ತೀರಿಕೊಂಡರೆ ಮನೆಯ ಮಕ್ಕಳೇ ಫೋನಿನಲ್ಲಿ ಕೋಟು ತೊಡಿಸುತ್ತಾರೆ, ಪ್ರಿಂಟಿಗೆ ಮಾತ್ರ ನನ್ನ ಹತ್ತಿರ ಬರುತ್ತಾರೆ. ಹಲ್ಲು ಹೆಚ್ಚಾಗಿದೆ ಎಂದು ಯಾರೂ ದೂರುವುದಿಲ್ಲ.

ಸಾಫ್ಟ್‌ವೇರನ್ನು ಕೊಳ್ಳುವುದು ಹೇಗೆ ಎಂಬುದು ಬರೀ ರೊಕ್ಕದ ಮಾತಾಗಿರಲಿಲ್ಲ ಎಂದು ಆಗ ನನಗೆ ಹೊಳೆಯಿತು. ವರ್ಷಕ್ಕೆ ಕಟ್ಟಬೇಕೆಂದರೆ ಈ ಅಂಗಡಿ ಇನ್ನೊಂದು ವರ್ಷ ಇರುತ್ತದೆ ಎಂದು ನಾನು ನಂಬಬೇಕು. ಬೆಳಿಗ್ಗೆ ಬೀಗ ತೆಗೆದು, ನಮ್ಮೂರ ಗುಡಿಯ ಮಹಾರಾಜರ ದರ್ಶನಕ್ಕೆ ಬಂದ ಜನ ಅಂಗಡಿಯ ಮುಂದೆ ನಿಂತು ತಮ್ಮ ಫೋಟೋ ತಾವೇ ತೆಗೆದುಕೊಂಡು ಹೋಗುವುದನ್ನು ನೋಡುತ್ತ ಇನ್ನೊಂದು ವರ್ಷ ಕೂರುತ್ತೇನೆ ಎಂದು ನಂಬಬೇಕು. ನಂಬಿಕೆ ಬರಲಿಲ್ಲ. ಆರು ತಿಂಗಳು? ಅದೂ ಬರಲಿಲ್ಲ. ಮೂವತ್ತು ವರ್ಷದ ಕಸುಬು ಎಷ್ಟು ತಿಂಗಳು ಉಳಿದೀತೆಂದು ಕೈಬೆರಳ ಮೇಲೆ ಎಣಿಸಿದರೆ ಹೆಬ್ಬೆರಳಿನ ಆಚೆ ಹೋಗಲಿಲ್ಲ. ಒಂದೇ ತಿಂಗಳು ಸಾಕು ಎಂದು ಇಮ್ತಿಯಾಜನಿಗೆ ಫೋನು ಮಾಡಿದೆ. ಅವನು ತನ್ನ ಕಾರ್ಡು ಬಳಸಿ ಕಟ್ಟಿದ, ನಾನು ಅವನ ಖಾತೆಗೆ ಆಗಲೇ ಹಾಕಿದೆ. ಹೀಗೆ ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಅಸಲಿ ಗಿರಾಕಿಯಾದೆ. ನಿಮಗೆ ಸ್ವಾಗತ ಎಂದು ಪರದೆಯ ಮೇಲೆ ಬಂತು. ಬಾಗಿಲು ಹಾಕುವ ದಿನ ಬಂದವನಿಗೆ ಸ್ವಾಗತ.

ವರ್ಷದ ದಿವಸಕ್ಕೆ ನಾಲ್ಕು ದಿನ ಉಳಿದಿತ್ತು. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು "ಕೋಟು" ಫೈಲನ್ನು ತೆರೆದೆ. ಪದರುಗಳೆಲ್ಲ ಬಂದವು. ಒಬ್ಬೊಬ್ಬರ ಕಣ್ಣು ಮುಚ್ಚಿಸುತ್ತ ಕೆಳಗೆ ಇಳಿದೆ. ಈ ವರ್ಷದವರು, ಕೊರೋನಾದಲ್ಲಿ ಹೋದವರು, ಅದಕ್ಕೂ ಹಿಂದಿನವರು. ಒಬ್ಬೊಬ್ಬರೂ ಅಪ್ಪನ ಹೆಗಲು ಬಿಟ್ಟು ಇಳಿದು ಹೋಗುತ್ತಿದ್ದರು. ಕೊನೆಗೆ ವಾಗದರಿಯ ಗೌಡರೂ ಹೋದರು. ತಳದಲ್ಲಿ ಉಳಿದ ಅಪ್ಪನ ಮುಖದ ಪದರಿನ ಕಣ್ಣನ್ನು ಒತ್ತಿದೆ.

ಯಾರೋ ಒಬ್ಬ ಚೆಲುವ ಕುಳಿತಿದ್ದ.

ಕೆಂಪು ಬಿಳುಪಿನ, ನುಣ್ಣನೆಯ, ಕ್ಯಾಲೆಂಡರಿನಲ್ಲಿ ಇರಬಹುದಾದ ಮುಖ. ರುಮಾಲಿನ ಕೆಳಗೆ ಒಂದು ಗೆರೆ ಇಲ್ಲ. ಕೆನ್ನೆಯ ಮೇಲೆ ಸಿಡುಬಿನ ಕಲೆ ಒಂದೂ ಇಲ್ಲ. ಬಿಸಿಲಿನಲ್ಲಿ ಸುಟ್ಟ ಕುತ್ತಿಗೆ ಇಲ್ಲ. ಮೊದಲು ಬೇರೆ ಫೈಲು ತೆರೆದೆನೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ ನೆನಪಾಯಿತು, ನೆನಪಾಗಬಾರದಿತ್ತು. ಸಾಫ್ಟ್‌ವೇರ್ ಹೊಸದಾಗಿ ಬಂದಿತ್ತು. ಕಲಿಯಲು ನನಗೆ ಒಂದು ಮುಖ ಬೇಕಾಗಿತ್ತು. ಸಿಡುಬಿನ ಕಲೆ, ಸುಕ್ಕು, ಬಿಸಿಲು, ಗಾಯ ಎಲ್ಲ ಇದ್ದ ಅಪ್ಪನ ಮುಖಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗಬೇಕು? ಒಂದು ವಾರ ಕುಳಿತು ಒಂದೊಂದೇ ಅಳಿಸಿದ್ದೆ. ಎಷ್ಟು ಚೆನ್ನಾಗಿ ಬಂತೆಂದು ಹೆಮ್ಮೆಯಿಂದ ಹೆಂಡತಿಯನ್ನು ಕರೆದು ತೋರಿಸಿದ್ದೆ. ಮೂಲ ಫೋಟೋ ಇದ್ದ ಕ್ಯಾಮರಾದ ಕಾರ್ಡನ್ನು ಮರುದಿನದ ಮದುವೆಗೆಂದು ಖಾಲಿ ಮಾಡಿದ್ದೆ.

ನಾನು ಕಸುಬು ಕಲಿತದ್ದು ಸೊಲ್ಲಾಪುರದ ಒಬ್ಬ ಮಾಸ್ತರರ ಹತ್ತಿರ. ಅವರು ನೆಗೆಟಿವ್ ಮೇಲೆ ಸೂಜಿಯಂತೆ ಚೂಪಾದ ಪೆನ್ಸಿಲ್ ಹಿಡಿದು ಮುಖದ ಕಲೆಗಳನ್ನು ತುಂಬುತ್ತಿದ್ದರು. ಗಿರಾಕಿಗೆ ಸೇರದಿದ್ದರೆ ಹತ್ತಿಗೆ ಟರ್ಪೆಂಟೈನ್ ಹಚ್ಚಿ ಒರೆಸುತ್ತಿದ್ದರು. ಪೆನ್ಸಿಲ್ ಹೋಗಿ ಆ ಮನುಷ್ಯ ತನ್ನ ಕಲೆಗಳ ಸಮೇತ ತಿರುಗಿ ಬರುತ್ತಿದ್ದ. ನಾನು ಮೌಸ್ ಹಿಡಿದುಕೊಂಡು ಹಿಂದಕ್ಕೆ, ಹಿಂದಕ್ಕೆ ಎಂದು ಒತ್ತಿದೆ. ಹಿಂದೆ ಏನೂ ಇರಲಿಲ್ಲ. ಹದಿನೆಂಟು ವರ್ಷದ ಹಿಂದೆ ನಾನೇ ಉಳಿಸಿ ಮುಚ್ಚಿದ್ದೆ. ಮಗಳ ಆಪು ಹಲ್ಲನ್ನು ಮಾತ್ರ ಹಚ್ಚಿತ್ತು, ನಾನು ಮುಖವನ್ನೇ ತೆಗೆದಿದ್ದೆ. ಟೇಬಲ್ಲಿಗೆ ಹಣೆ ಹಚ್ಚಿ ಅತ್ತೆ. ಅವನು ಸತ್ತ ದಿನ ಕೂಡ ಅಷ್ಟು ಅತ್ತಿರಲಿಲ್ಲ.

ಮರುದಿನ ಅವ್ವನೇ ಅಂಗಡಿಗೆ ಬಂದಳು. ಸವಿತಾ ಹೇಳಿರಬೇಕು, ಫೈಲು ತೆರೆದಿದೆ ಎಂದು. ಇಳಕಲ್ಲ ಸೀರೆ ಉಟ್ಟು ಬಂದಿದ್ದಳು, ಯಾರನ್ನೋ ಭೇಟಿಯಾಗಲು ಬಂದವಳ ಹಾಗೆ. ತಪ್ಪಿಸಲು ಆಗಲಿಲ್ಲ. ಕುರ್ಚಿ ಎಳೆದು ಕೂರಿಸಿದೆ.

ಬಹಳ ಹೊತ್ತು ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ, ಪರದೆಯ ಮೇಲಿನ ಹುಬ್ಬುಗಳ ಕಡೆ ಬೆರಳು ಮಾಡಿದಳು.

"ಇಲ್ಲೊಂದು ಇತ್ತಲ್ಲೋ. ಎಲ್ಲಿಟ್ಟಿ ಅದನ್ನ?"

ಅಪ್ಪನ ಹುಬ್ಬಿನ ಮೇಲೆ ಒಂದು ಕಲೆ ಇತ್ತು. ಅದು ಅವ್ವನ ಕೈಯದೇ. ಮದುವೆಯಾದ ಹೊಸತರಲ್ಲಿ ಕುರಿ ಹೊಡೆದುಕೊಂಡು ಹೋದ ಗಂಡ ಎರಡು ತಿಂಗಳು ಸುದ್ದಿ ಇಲ್ಲದೆ ಇದ್ದು ಒಂದು ದಿನ ಬಾಗಿಲಿಗೆ ಬಂದು ನಿಂತಾಗ ಅವಳು ತಂಬಿಗೆ ಬೀಸಿ ಎಸೆದಿದ್ದಳು. ಬಾಗಿಲಿಗೆ ಒಗೆದೆ, ಅವನೇ ನಡುವೆ ಬಂದ ಎಂದು ಅವ್ವ. ಗುರಿ ಹಿಡಿದೇ ಒಗೆದಳು ಎಂದು ಅಪ್ಪ. ಐವತ್ತೈದು ವರ್ಷ ಅವರ ಮನೆಯಲ್ಲಿ ಈ ಖಟ್ಲೆ ಇತ್ಯರ್ಥವಾಗಲಿಲ್ಲ.

"ಅಳಿಸೀನಿ, ಯವ್ವಾ."

"ಯಾಕ?"

"ಛಲೋ ಕಾಣ್ಲಿ ಅಂತ."

ಅವಳು ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಮೌಸ್ ಹಿಡಿದೆ. "ತಡಿ, ಈಗ ಹಾಕ್ತೀನಿ" ಎಂದೆ. ಎಡ ಹುಬ್ಬಿನ ಮೇಲೆ ಒಂದು ಗೆರೆ ಎಳೆದೆ.

"ಹಿಂಗಾ?"

"ಆ ಕಡೆ ಅಲ್ಲ, ಈ ಕಡೆ."

ಐವತ್ತು ವರ್ಷಕ್ಕೂ ಹೆಚ್ಚು ನೋಡಿದ ಮುಖ. ಎಡವೋ ಬಲವೋ ಎಂಬುದೂ ನನಗೆ ನೆನಪಿರಲಿಲ್ಲ, ಆಧಾರ್ ಕಾರ್ಡಿನ ಮಸುಕು ಫೋಟೋದಲ್ಲಿ ಅದು ಕಾಣುವುದೂ ಇಲ್ಲ. ಅಳಿಸಿ ಬಲಕ್ಕೆ ಎಳೆದೆ.

"ಹಿಂಗಾ?"

"ಉದ್ದ ಆತು. ಸಣ್ಣದಿತ್ತು, ಅವ ನಕ್ಕಾಗ ಮಡಚ್ತಿತ್ತು."

ಗಿಡ್ಡ ಮಾಡಿದೆ. ಅಲ್ಲ ಎಂದಳು. ಸೊಟ್ಟ ಮಾಡಿದೆ. ಅಲ್ಲ ಎಂದಳು. ಬಣ್ಣ ತಿಳಿ ಮಾಡಿದೆ, ದಪ್ಪ ಮಾಡಿದೆ. ಎಷ್ಟು ಸಲ ಎಳೆದೆನೋ, ಎಷ್ಟು ಸಲ ಅಳಿಸಿದೆನೋ. ಪ್ರತಿ ಸಲವೂ ಅದು ನಾನು ಬರೆದ ಗೆರೆಯಂತೆಯೇ ಕಾಣುತ್ತಿತ್ತು, ತಂಬಿಗೆ ಬಿದ್ದ ಗಾಯದಂತೆ ಕಾಣುತ್ತಿರಲಿಲ್ಲ. ಮತ್ತೊಂದು ಗೆರೆ ಸುರುಮಾಡಿದೆ. ಮೌಸ್ ಅತ್ತ ಇತ್ತ ಜಾರಿ ಹುಬ್ಬಿನ ಮೇಲೆ ಒಂದು ವಕ್ರ ಗೀರು ಬಿತ್ತು. ಅದನ್ನು ಅಳಿಸಲು ಹೋದೆ.

"ಬಿಡು, ಹಿಂಗs ಇತ್ತು" ಎಂದಳು ಅವ್ವ. "ಖರೇನ ಹಿಂಗs ಇತ್ತು. ಸಾಕು ಮಾಡು, ಮಗನ."

ನಾನು ತಿರುಗಿ ನೋಡಿದೆ. ಅವಳು ಪರದೆಯ ಕಡೆ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು.